ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ: ಅಭ್ಯರ್ಥಿಯ ಪೂರ್ವಾಪರ ಪರಿಶೀಲನೆ ಮತ್ತು ಸದಸ್ಯರ ಹೊಣೆ

ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಕೆಲಸ ಕೊಡುವವರು ಎರಡು ಬಗೆಯವರು. ನೀರುಗಂಟಿ, ಕರ ವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್, ಸ್ವಚ್ಛತಾಗಾರ ಮುಂತಾದವರನ್ನು ನೇಮಿಸಿಕೊಳ್ಳುವ ಪಂಚಾಯತಿ ಒಂದು ಬಗೆ. ಕಿರಾಣಿ ಅಂಗಡಿ, ಹೋಟೆಲ್, ಹಿಟ್ಟಿನ ಗಿರಣಿ, ಕೋಳಿ ಫಾರಂ, ಇಟ್ಟಿಗೆ ಗೂಡು ನಡೆಸುವ ಸಣ್ಣ ಉದ್ಯಮಿಗಳು ಇನ್ನೊಂದು ಬಗೆ. ಪಂಚಾಯತಿಯ ನೇಮಕಾತಿ ಸದಸ್ಯರ ಸಭೆಯ ಮುಂದೆ ಬರುತ್ತದೆ. ಸಣ್ಣ ಉದ್ಯಮಿಗಳು ಸದಸ್ಯರ ಮನೆಗೇ ಬಂದು, “ಆ ಹುಡುಗ ಹೇಗೆ?” ಎಂದು ವಿಚಾರಿಸುತ್ತಾರೆ. ಆದ್ದರಿಂದ ಪೂರ್ವಾಪರ ಪರಿಶೀಲನೆಯ ಕ್ರಮವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರುವುದು ಅವಶ್ಯ.

ಪರಿಶೀಲನೆ ಏಕೆ?

ಕರ ವಸೂಲಿಗಾರನ ಕೈಯಲ್ಲಿ ಜನರ ತೆರಿಗೆ ಹಣವಿರುತ್ತದೆ. ಇಡೀ ಊರಿನ ಕುಡಿಯುವ ನೀರು ನೀರುಗಂಟಿಯ ಕೈಯಲ್ಲಿರುತ್ತದೆ. ಕೂಸಿನ ಮನೆಯ ಆರೈಕೆದಾರರ ಮಡಿಲಲ್ಲಿ ಕೂಲಿಗೆ ಹೋದ ತಾಯಂದಿರ ಮಕ್ಕಳಿರುತ್ತಾರೆ. ಸಣ್ಣ ಅಂಗಡಿಯಲ್ಲಿ ಒಬ್ಬನೇ ನೌಕರನಿದ್ದರೆ ಗಲ್ಲಾಪೆಟ್ಟಿಗೆಯೂ ಉದ್ರಿ ಲೆಕ್ಕವೂ ಅವನ ವಶದಲ್ಲಿಯೇ ಇರುತ್ತವೆ. ದೊಡ್ಡ ಕಂಪನಿ ಒಂದು ತಪ್ಪು ನೇಮಕಾತಿಯ ನಷ್ಟವನ್ನು ತಾಳಿಕೊಳ್ಳಬಲ್ಲದು. ಸಣ್ಣ ಅಂಗಡಿ ಅದರಿಂದ ಬಾಗಿಲು ಮುಚ್ಚಬಹುದು.

ಆದರೆ ಇದಕ್ಕೆ ಮತ್ತೊಂದು ಮುಖವೂ ಉಂಟು. ಪರಿಶೀಲನೆ ದಾರಿ ತಪ್ಪಿದರೆ ನಿರಪರಾಧಿಯೊಬ್ಬನ ಜೀವನೋಪಾಯವೇ ಕೈತಪ್ಪುತ್ತದೆ. ಒಂದೂರಿನಲ್ಲಿ ಒಮ್ಮೆ ಅಂಟಿದ ಹೆಸರು ಸುಲಭವಾಗಿ ಅಳಿಯುವುದಿಲ್ಲ. ಎರಡೂ ಹಾನಿಗಳನ್ನು ತಪ್ಪಿಸುವುದೇ ಸರಿಯಾದ ಪರಿಶೀಲನೆಯ ಗುರಿ.

ಏನನ್ನು, ಎಲ್ಲಿ ಪರಿಶೀಲಿಸಬೇಕು?

1. ಗುರುತು ಮತ್ತು ವಯಸ್ಸು: ಗುರುತಿಗೆ ಆಧಾರ್, ಮತದಾರರ ಚೀಟಿ ಮುಂತಾದವು ಸಾಕು. ಕೊನೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪಡೆಯುವುದು ಒಳಿತು. ವಯಸ್ಸಿಗೆ ಜನನ ಪ್ರಮಾಣ ಪತ್ರ ಅಥವಾ ಶಾಲಾ ದಾಖಲೆಯನ್ನೇ ನೋಡಬೇಕು. 14 ವರ್ಷದೊಳಗಿನ ಮಕ್ಕಳನ್ನು ಹೋಟೆಲ್, ಗ್ಯಾರೇಜ್, ಇಟ್ಟಿಗೆ ಗೂಡುಗಳಲ್ಲಿ ದುಡಿಸುವುದನ್ನೂ 18 ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನೂ ಕಾನೂನು ನಿಷೇಧಿಸಿದೆ. “ವಯಸ್ಸು ತಿಳಿದಿರಲಿಲ್ಲ” ಎಂದು ಹೇಳಿ ಮಾಲೀಕನು ಹೊಣೆಯಿಂದ ಜಾರಿಕೊಳ್ಳುವಂತಿರಬಾರದು.

2. ವಿದ್ಯಾರ್ಹತೆ: ಜೆರಾಕ್ಸ್ ಪ್ರತಿಯನ್ನು ಮಾತ್ರ ನಂಬಬಾರದು. ಮೂಲ ಅಂಕಪಟ್ಟಿಯೊಡನೆ ತಾಳೆ ನೋಡಬೇಕು. ಅಭ್ಯರ್ಥಿಯ ಡಿಜಿಲಾಕರ್‌ನಲ್ಲಿ ದಾಖಲೆಯಿದ್ದರೆ ಅವನ ಎದುರಿನಲ್ಲಿಯೇ ತೆರೆಸಿ ನೋಡಬಹುದು. ಸಂಶಯ ಬಂದಲ್ಲಿ ಪಂಚಾಯತಿಯು ಅಂಕಪಟ್ಟಿಯ ನೈಜತೆಯ ಬಗ್ಗೆ ಅದನ್ನು ನೀಡಿದ ಮಂಡಳಿಗೇ ಬರೆಯಬೇಕು.

3. ಚಾಲನಾ ಪರವಾನಗಿ: ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿಯ ಚಾಲಕಿಯಾಗಲಿ, ಅಂಗಡಿಯ ಸರಕು ಸಾಗಿಸುವವನಾಗಲಿ, ಪರವಾನಗಿಯ ಅವಧಿಯನ್ನೂ ಅದು ಯಾವ ವರ್ಗದ ವಾಹನಕ್ಕೆ ಎಂಬುದನ್ನೂ ನೋಡಬೇಕು. ಅಪಘಾತವಾದಾಗ ಪರಿಹಾರದ ಹೊರೆ ಮಾಲೀಕನ ಮೇಲೆ ಬೀಳಬಹುದು.

4. ಹಿಂದಿನ ಕೆಲಸ: ಹಿಂದಿನ ಮಾಲೀಕನಿಗೆ ಮೂರು ಪ್ರಶ್ನೆಗಳು ಸಾಕು. ಎಷ್ಟು ಕಾಲ ದುಡಿದನು? ಯಾವ ಕೆಲಸ ಮಾಡಿದನು? ಬಿಟ್ಟಿದ್ದು ಏಕೆ? ಸಂಬಳದ ಬಾಕಿ ಕೇಳಿದ್ದಕ್ಕಾಗಿ ಕೆಲಸ ಬಿಡಿಸಿದ ಮಾಲೀಕನು ಒಳ್ಳೆಯ ಮಾತು ಆಡಲಾರನೆಂಬುದನ್ನೂ ನೆನಪಿಡಬೇಕು.

5. ಪೊಲೀಸ್ ಪರಿಶೀಲನೆ: ಅಭ್ಯರ್ಥಿಯು ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣ ಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಎಲ್ಲ ಕೆಲಸಕ್ಕೂ ಇದು ಬೇಕಿಲ್ಲ. ಆದರೆ ಮಕ್ಕಳ ಸಂಪರ್ಕವಿರುವೆಡೆ ಇದನ್ನು ಬಿಡುವಂತಿಲ್ಲ. ಶಾಲೆ, ಶಿಶುಪಾಲನಾ ಕೇಂದ್ರ ಮುಂತಾಗಿ ಮಕ್ಕಳೊಡನೆ ನಿತ್ಯ ಸಂಪರ್ಕವಿರುವ ಸಂಸ್ಥೆಗಳು ಕಾಯಂ ಹಾಗೂ ಗುತ್ತಿಗೆ ಸಿಬ್ಬಂದಿಯೆಲ್ಲರ ಪೊಲೀಸ್ ಪರಿಶೀಲನೆಯನ್ನು ನಿಯತಕಾಲಿಕವಾಗಿ ಮಾಡಿಸಬೇಕೆಂದು 2020ರ ಪೋಕ್ಸೊ ನಿಯಮಗಳು ವಿಧಿಸುತ್ತವೆ. ಕೂಸಿನ ಮನೆ ಮತ್ತು ಮಕ್ಕಳು ಬಂದು ಕೂರುವ ಅರಿವು ಕೇಂದ್ರಗಳ ವಿಷಯದಲ್ಲಿ ಪಂಚಾಯತಿಯು ಇದನ್ನು ಮರೆಯಬಾರದು.

ಮೊಕದ್ದಮೆ ಬೇರೆ, ಅಪರಾಧ ಬೇರೆ

ಪೊಲೀಸ್ ಠಾಣೆಯಲ್ಲಿ ದೂರು ದಾಖಲಾದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ದೂರು, ದೋಷಾರೋಪ ಪಟ್ಟಿ, ವಿಚಾರಣೆ, ತೀರ್ಪು ಇವು ಬೇರೆಬೇರೆ ಹಂತಗಳು. ಅಭ್ಯರ್ಥಿ ಯಾವ ಹಂತದಲ್ಲಿದ್ದಾನೆಂಬುದನ್ನು ತಿಳಿಯದೆ ನಿರ್ಧರಿಸುವುದು ತಪ್ಪು. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಮೊಕದ್ದಮೆಗಳನ್ನು ಹುಡುಕಬಹುದಾದರೂ ಒಂದೇ ಹೆಸರಿನವರು ತಾಲ್ಲೂಕಿನಲ್ಲಿ ಹಲವರಿರುತ್ತಾರೆ. ತಂದೆಯ ಹೆಸರು, ಊರು ಎಲ್ಲವೂ ಹೊಂದಿದ ಹೊರತು ಅದನ್ನು ಆಧಾರವಾಗಿ ಹಿಡಿಯಬಾರದು.

2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ನೇಮಕಾತಿಗೆ ಸಂಬಂಧಿಸಿ ಕೆಲವು ಮಾರ್ಗಸೂಚಿಗಳನ್ನು ನೀಡಿದೆ. ಅಭ್ಯರ್ಥಿಯು ದೃಢೀಕರಣ ನಮೂನೆಯಲ್ಲಿ ನಿಜವನ್ನೇ ಬರೆಯಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ನೇಮಕಾತಿ ಪ್ರಾಧಿಕಾರವು ಅದನ್ನು ಮನ್ನಿಸಬಹುದು. ನಿಜವನ್ನೇ ಹೇಳಿದ್ದರೂ ಹಿನ್ನೆಲೆಯನ್ನು ತೂಗಿ ನೋಡುವ ಅಧಿಕಾರ ಪ್ರಾಧಿಕಾರಕ್ಕೆ ಇದ್ದೇ ಇರುತ್ತದೆ. ಇದರ ಸಾರವೇನೆಂದರೆ, ಆರೋಪಕ್ಕೂ ಮಾಡಬೇಕಾದ ಕೆಲಸಕ್ಕೂ ಇರುವ ಸಂಬಂಧವನ್ನು ನೋಡಬೇಕು. ಹಣ ದುರುಪಯೋಗದಲ್ಲಿ ಶಿಕ್ಷೆಯಾದವನಿಗೆ ಕರ ವಸೂಲಿ ಒಪ್ಪಿಸುವುದು ಅವಿವೇಕ. ಜಮೀನಿನ ಬದುವಿನ ಜಗಳದಲ್ಲಿ ಹೆಸರು ಸೇರಿದ ಮಾತ್ರಕ್ಕೆ ತೋಟದ ಕೆಲಸ ನಿರಾಕರಿಸುವುದೂ ಅಷ್ಟೇ ಅವಿವೇಕ.

ಕೇಳಬಾರದ ಪ್ರಶ್ನೆಗಳು

ಜಾತಿ, ಧರ್ಮ, ಯಾರ ಪಕ್ಷ, ಯಾರಿಗೆ ಮತ ಎಂಬುವು ಪೂರ್ವಾಪರ ಪರಿಶೀಲನೆಯ ಅಂಗಗಳಲ್ಲ. ಮೀಸಲಾತಿ ಹುದ್ದೆಗೆ ಮಾತ್ರ ಜಾತಿ ಪ್ರಮಾಣ ಪತ್ರ ಬೇಕು. ಅದರ ನೈಜತೆಯನ್ನು ಆರ್‌ಡಿ ಸಂಖ್ಯೆಯ ಮೂಲಕ ನಾಡಕಚೇರಿಯ ದಾಖಲೆಯಲ್ಲಿ ನೋಡಬಹುದು. ಕೆಲಸಕ್ಕೆ ಸೇರಲು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಷರತ್ತನ್ನು 2017ರ ಕಾಯ್ದೆ ನಿಷೇಧಿಸಿದೆ. ಮೂಲ ಅಂಕಪಟ್ಟಿಯನ್ನು ‘ಭದ್ರತೆಗೆ’ ಎಂದು ಮಾಲೀಕನು ಇಟ್ಟುಕೊಳ್ಳುವುದು ಪರಿಶೀಲನೆಯಲ್ಲ, ನೌಕರನನ್ನು ಕಟ್ಟಿಹಾಕುವ ಉಪಾಯ.

ಸದಸ್ಯರ ಮಾತಿನ ತೂಕ

ಹೀಗೊಂದು ಸಂದರ್ಭವನ್ನು ಊಹಿಸಬಹುದು. ಹೋಟೆಲ್ ಮಾಲೀಕನೊಬ್ಬನು ಕೆಲಸಕ್ಕೆ ಬಂದ ಯುವಕನ ಬಗ್ಗೆ ವಾರ್ಡಿನ ಸದಸ್ಯರನ್ನು ಕೇಳುತ್ತಾನೆ. “ಅವರ ಮನೆಯವರ ಮೇಲೆ ಕೇಸಿದೆ” ಎಂದು ಸದಸ್ಯರು ಹೇಳುತ್ತಾರೆ. ಕೇಸು ಇದ್ದದ್ದು ಯುವಕನ ದೊಡ್ಡಪ್ಪನ ಮೇಲೆ, ಅದೂ ಖುಲಾಸೆಯಾಗಿತ್ತು. ಆದರೆ ಕೆಲಸ ಬೇರೊಬ್ಬನ ಪಾಲಾಗುತ್ತದೆ; ಯುವಕನಿಗೆ ಕಾರಣವೂ ತಿಳಿಯುವುದಿಲ್ಲ. ಸದಸ್ಯರು ಸುಳ್ಳಾಡಲಿಲ್ಲ, ಆದರೂ ಅನ್ಯಾಯವಾಯಿತು.

ಆದ್ದರಿಂದ ಉತ್ತರಿಸುವಾಗ ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸಬೇಕು. “ಐದು ವರ್ಷದಿಂದ ಬಲ್ಲೆ, ಕೆಲಸಗಾರ” ಎಂಬುದು ಕಂಡ ಮಾತು. “ಏನೋ ಗಲಾಟೆಯಂತೆ” ಎಂಬುದು ಕೇಳಿದ ಮಾತು. ಅದನ್ನು ಆಡದಿರುವುದೇ ಲೇಸು. ಪರಿಚಯವಿಲ್ಲದಿದ್ದರೆ “ಪರಿಚಯವಿಲ್ಲ” ಎನ್ನುವುದು ಗೌರವದ ಉತ್ತರ. ಲೆಟರ್‌ಹೆಡ್ಡಿನಲ್ಲಿ ನಡತೆ ಪತ್ರ ಕೊಡುವಾಗಲೂ ಇದೇ ನಿಯಮ. ಅಪರಿಚಿತನಿಗೆ ಸಹಿ ಮಾಡಿಕೊಟ್ಟ ಪತ್ರವು ನಾಳೆ ಸದಸ್ಯರನ್ನೇ ಪ್ರಶ್ನಿಸಬಹುದು. ನೇಮಕಾತಿಗೆ ಅರ್ಜಿ ಹಾಕಿದವರು ಸದಸ್ಯರ ಬಂಧುವಾಗಿದ್ದರೆ ಆ ವಿಷಯದ ಚರ್ಚೆಯಿಂದ ದೂರವುಳಿಯುವುದು ಶೋಭೆ.

ಕಾಗದಗಳ ಜೋಪಾನ

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅಭ್ಯರ್ಥಿಯ ಒಪ್ಪಿಗೆ ಪಡೆದು, ಬೇಕಾದಷ್ಟೇ ದಾಖಲೆ ಕೇಳಿ, ಅದೇ ಉದ್ದೇಶಕ್ಕೆ ಬಳಸಬೇಕು. ಅರ್ಜಿ, ಆಧಾರ್ ಪ್ರತಿಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬಾರದು. ಪಂಚಾಯತಿಗೆ ಬಂದ ಅರ್ಜಿಗಳು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಸುಪರ್ದಿನಲ್ಲಿರಬೇಕು. ಪ್ರತಿಕೂಲ ಅಂಶ ಕಂಡುಬಂದರೆ ಅಭ್ಯರ್ಥಿಗೆ ತಿಳಿಸಿ, ವಿವರಣೆ ಪಡೆದ ಬಳಿಕವೇ ತೀರ್ಮಾನಿಸಿ ನಡವಳಿಯಲ್ಲಿ ಕಾರಣ ದಾಖಲಿಸಬೇಕು. ನೇಮಕಾತಿಗೆ ಜಿಲ್ಲಾ ಪಂಚಾಯತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯ ಅನುಮೋದನೆ ಕೋರುವಾಗ ಈ ದಾಖಲೆಯೇ ಪಂಚಾಯತಿಗೆ ಬಲ.

ಸಭೆಯಲ್ಲಿ ಚರ್ಚೆಗೆ

1. ಪಂಚಾಯತಿಯ ಈಗಿನ ಸಿಬ್ಬಂದಿಯ ದಾಖಲೆಗಳ ಪರಿಶೀಲನೆ ನಡೆದಿದೆಯೇ?
2. ಕೂಸಿನ ಮನೆಯ ಆರೈಕೆದಾರರ ಪೊಲೀಸ್ ಪರಿಶೀಲನೆ ಪೂರ್ಣಗೊಂಡಿದೆಯೇ?
3. ವ್ಯಾಪ್ತಿಯ ಹೋಟೆಲ್, ಗ್ಯಾರೇಜ್, ಇಟ್ಟಿಗೆ ಗೂಡುಗಳ ಮಾಲೀಕರಿಗೆ ವಯಸ್ಸಿನ ದಾಖಲೆಯ ಬಗ್ಗೆ ತಿಳಿಸಲಾಗಿದೆಯೇ?
4. ಸದಸ್ಯರು ಕೊಟ್ಟ ನಡತೆ ಪತ್ರಗಳ ಪ್ರತಿಗಳು ಅವರ ಬಳಿ ಇವೆಯೇ?