ಕೋಡಿ ಇಲ್ಲದ ಕೆರೆ


ಶರಾವತಿಯ ನೀರನ್ನು ಕೆಳಗೆ ಬಿಟ್ಟು ಕರೆಂಟು ತೆಗೆಯುವುದು ನಮಗೆಲ್ಲಾ ಗೊತ್ತು. ಆದರೆ ಕರೆಂಟು ಖರ್ಚು ಮಾಡಿ ನೀರನ್ನು ಬೆಟ್ಟಕ್ಕೆ ಹತ್ತಿಸಿ, ಅದೇ ನೀರನ್ನು ಮತ್ತೆ ಇಳಿಸಿ ಕರೆಂಟು ತೆಗೆಯುವ ಕೇಂದ್ರಗಳೂ ಇವೆ. ಇವಕ್ಕೆ ಪಂಪ್ಡ್ ಸ್ಟೋರೇಜ್ ಕೇಂದ್ರ ಅಂತ ಹೆಸರು. 100 ಯೂನಿಟ್ ಖರ್ಚು ಮಾಡಿದರೆ ವಾಪಸ್ಸು ಬರುವುದು ಸುಮಾರು 75ರಿಂದ 80 ಯೂನಿಟ್ ಮಾತ್ರ.

ಹಾಗಾದರೆ ಇದು ನಷ್ಟದ ಬಾಬತ್ತಲ್ಲವೇ ಅಂತ ಕೇಳಬಹುದು. ಕರೆಂಟನ್ನು ಭತ್ತದ ಹಾಗೆ ಕಣಜದಲ್ಲಿ ತುಂಬಿಡಲು ಬರುವುದಿಲ್ಲ. ನಡುರಾತ್ರಿ ಬಳಕೆ ಕಡಿಮೆ ಇದ್ದಾಗ, ಅಥವಾ ಮಧ್ಯಾಹ್ನ ಸೌರ ವಿದ್ಯುತ್ ಹೆಚ್ಚಾದಾಗ, ಮಿಕ್ಕ ಕರೆಂಟಿನಿಂದ ನೀರು ಹತ್ತಿಸುತ್ತಾರೆ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತುವ ಹೊತ್ತಿಗೆ ಇಳಿಸುತ್ತಾರೆ. ಬೆಟ್ಟದ ಮೇಲಿನ ಕೆರೆಯೇ ಕರೆಂಟಿನ ಕಣಜ.

ಇದರ ಮುಖ್ಯ ಭಾಗಗಳು:

1. ಮೇಲಿನ ಕೆರೆ: 1000 ಲೀಟರ್ ನೀರು 100 ಮೀಟರ್ ಇಳಿದರೆ ಸಿಗುವ ಶಕ್ತಿ 1000 × 9.8 × 100 = 9,80,000 ಜೂಲ್. ಒಂದು ಯೂನಿಟ್ ಎಂದರೆ 36,00,000 ಜೂಲ್. ಅಂದರೆ ಏನೂ ನಷ್ಟವಾಗದಿದ್ದರೂ ಒಂದು ಯೂನಿಟ್‌ಗೆ ಸುಮಾರು 3,670 ಲೀಟರ್ ನೀರು ಬೇಕು! ಅದಕ್ಕೇ ಕೆರೆ ದೊಡ್ಡದಿರಬೇಕು, ಬೆಟ್ಟ ಎತ್ತರವಿರಬೇಕು.

2. ಸುರಂಗ: ನೀರು ಹತ್ತುವುದೂ ಇಳಿಯುವುದೂ ಇದರಲ್ಲೇ. ಕಸಕಡ್ಡಿ ಒಳಗೆ ಹೋಗದಂತೆ ಬಾಯಿಗೆ ಕಬ್ಬಿಣದ ಸರಳು ಹಾಕಿರುತ್ತಾರೆ.

3. ಸರ್ಜ್ ಟ್ಯಾಂಕ್: ಹರಿಯುವ ನಲ್ಲಿಯನ್ನು ಗಕ್ಕನೆ ನಿಲ್ಲಿಸಿದರೆ ಪೈಪು 'ಡಬ್' ಅನ್ನುತ್ತದೆ. ದೊಡ್ಡ ಸುರಂಗದಲ್ಲಿ ಈ ಹೊಡೆತಕ್ಕೆ ಗೋಡೆಯೇ ಒಡೆಯಬಹುದು. ಉದ್ದದ ಸುರಂಗವಿದ್ದಲ್ಲಿ ಒಂದು ನೆಟ್ಟನೆಯ ಬಾವಿ ಕಟ್ಟುತ್ತಾರೆ. ನುಗ್ಗಿದ ನೀರು ಅದರಲ್ಲಿ ಮೇಲೇರಿ ಹೊಡೆತ ತಗ್ಗುತ್ತದೆ.

4. ಯಂತ್ರದ ಮನೆ: ಹೆಚ್ಚಿನ ಕಡೆ ಒಂದೇ ಯಂತ್ರ ಒಂದು ದಿಕ್ಕಿಗೆ ತಿರುಗಿದರೆ ಪಂಪು, ಇನ್ನೊಂದು ದಿಕ್ಕಿಗೆ ತಿರುಗಿದರೆ ಟರ್ಬೈನು. ಇದನ್ನು ಕೆಳಗಿನ ಕೆರೆಯ ನೀರಿನ ಮಟ್ಟಕ್ಕಿಂತ ಆಳದಲ್ಲಿ ಕೂರಿಸುತ್ತಾರೆ. ಇಲ್ಲದಿದ್ದರೆ ನೀರೆಳೆಯುವಾಗ ಒತ್ತಡ ಇಳಿದು, ಆವಿಯ ಗುಳ್ಳೆಗಳೆದ್ದು, ಚಕ್ರದ ಲೋಹವನ್ನೇ ತಿಂದುಹಾಕುತ್ತವೆ.

5. ಕೆಳಗಿನ ಕೆರೆ: ಇಳಿದ ನೀರು ಮತ್ತೆ ಹತ್ತುವ ತನಕ ಇಲ್ಲಿರುತ್ತದೆ.

ಇನ್ನೊಂದು ಭಾಗವಿದೆ. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮಿಸ್ಸೌರಿ ರಾಜ್ಯದ ಟಾಮ್ ಸಾಕ್ ಕೇಂದ್ರವೇ ಸಾಕ್ಷಿ. ಅದು 1963ರಲ್ಲಿ ಶುರುವಾಯಿತು. ಬೆಟ್ಟದ ತಲೆಯನ್ನು ಮಟ್ಟಮಾಡಿ, ಸುತ್ತ ಕಲ್ಲಿನ ಏರಿ ಹಾಕಿ ಕೆರೆ ಮಾಡಿದ್ದರು. ಮಳೆ ಬಿಟ್ಟರೆ ಬೇರೆ ನೀರು ತಾನಾಗಿ ಬರುವುದಿಲ್ಲ, ಪಂಪು ನಿಲ್ಲಿಸಿದರೆ ಸಾಕು ಎಂದು ಕೋಡಿಯನ್ನೇ ಇಟ್ಟಿರಲಿಲ್ಲ. ನೀರಿನ ಮಟ್ಟ ತಿಳಿಸುವ ಸಾಧನಗಳಿದ್ದ ಪೈಪುಗಳು ಹಿಡಿತ ಸಡಿಲವಾಗಿ ಬಾಗಿದವು. ಇದ್ದುದಕ್ಕಿಂತ ಕಡಿಮೆ ನೀರು ತೋರಿಸಿದವು. ಅಪಾಯಕ್ಕೆಂದು ಇಟ್ಟಿದ್ದ ಇನ್ನೊಂದು ಸಾಧನ ಏರಿಯ ತಗ್ಗು ಜಾಗಕ್ಕಿಂತ ಎತ್ತರದಲ್ಲಿತ್ತು. ಹೀಗಾಗಿ 2005ರ ಡಿಸೆಂಬರ್ 14ರ ಬೆಳಗಿನ ಜಾವ ಕೆರೆ ತುಂಬಿದರೂ ಪಂಪು ನಿಲ್ಲಲಿಲ್ಲ. ನೀರು ಏರಿಯ ಮೇಲೆ ಹರಿದು ಕಲ್ಲುಮಣ್ಣು ಕೊಚ್ಚಿತು, ಏರಿ ಒಡೆಯಿತು. ಅರ್ಧ ಗಂಟೆಯೊಳಗೆ ಕೆರೆ ಖಾಲಿ! ಕೆಳಗಿನ ಉದ್ಯಾನದಲ್ಲಿ ಒಂದು ಮನೆ ಕೊಚ್ಚಿಹೋಯಿತು. ಅದರಲ್ಲಿದ್ದ ತಂದೆ, ತಾಯಿ, ಮೂರು ಮಕ್ಕಳು ಅದೃಷ್ಟಕ್ಕೆ ಬದುಕಿದರು. ಚಳಿಗಾಲವಾದ್ದರಿಂದ ಉದ್ಯಾನದಲ್ಲಿ ಬೇರೆ ಜನ ತಂಗಿರಲಿಲ್ಲ. ಕೆಳಗಿನ ಅಣೆಕಟ್ಟು ಗಟ್ಟಿಯಾಗಿ ನಿಂತು ಹೆಚ್ಚಿನ ನೀರನ್ನು ತಡೆಯಿತು. ಆಮೇಲೆ ಮೇಲಿನ ಕೆರೆಯನ್ನು ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದರು, 2010ರಲ್ಲಿ ಕೇಂದ್ರ ಮತ್ತೆ ಶುರುವಾಯಿತು. ಈ ಸಲ ಕೋಡಿ ಇಟ್ಟರು.

ನಮ್ಮ ಹಿರಿಯರು ಏರಿ ಕಟ್ಟಿದಲ್ಲೆಲ್ಲಾ ಕೋಡಿಯನ್ನೂ ಬಿಟ್ಟರು. ಕೋಡಿಗೆ ಕರೆಂಟು ಬೇಡ, ಅಳತೆ ತಪ್ಪುವ ಭಯವಿಲ್ಲ. ನೀರು ಆ ಮಟ್ಟಕ್ಕೆ ಬಂತೆಂದರೆ ತಾನಾಗಿಯೇ ಹೊರಗೆ ಹೋಗುತ್ತದೆ.

ನಮ್ಮ ರಾಜ್ಯದಲ್ಲೂ ತಲಕಳಲೆ ಜಲಾಶಯವನ್ನು ಮೇಲಿನ ಕೆರೆಯಾಗಿ, ಗೇರುಸೊಪ್ಪ ಜಲಾಶಯವನ್ನು ಕೆಳಗಿನ ಕೆರೆಯಾಗಿ ಬಳಸಿ 2000 ಮೆಗಾವ್ಯಾಟ್ ಕೇಂದ್ರ ಕಟ್ಟಲು ಕರ್ನಾಟಕ ವಿದ್ಯುತ್ ನಿಗಮ ಯೋಜನೆ ಮಾಡಿತು. ಎರಡೂ ಅಣೆಕಟ್ಟು ಮೊದಲೇ ಇದ್ದವು. ಆದರೆ ನಡುವೆ ಇರುವುದು ಸಿಂಗಳೀಕಗಳ ಕಾಡು. ಅದಕ್ಕೇ ವಿರೋಧವೂ ಬಂತು.

ಯೋಚಿಸಿ ಹೇಳಿ:
ಅ) ಬೆಟ್ಟ 200 ಮೀಟರ್ ಎತ್ತರವಿದ್ದರೆ ಒಂದು ಯೂನಿಟ್‌ಗೆ ಎಷ್ಟು ಲೀಟರ್ ನೀರು ಬೇಕು?
ಆ) ನಮ್ಮೂರ ಕೆರೆಯ ಕೋಡಿ ಎಲ್ಲಿದೆ? ಅದರಲ್ಲಿ ಕಸ, ಮುಳ್ಳು ಬೆಳೆದಿದೆಯೇ? ಮಳೆಗಾಲಕ್ಕೆ ಮೊದಲು ನೋಡಿ ಬನ್ನಿ.