ಚಾರಣ: ಒಂದು ಪದ, ಒಂದು ಕಾದಂಬರಿ, ಒಂದು ನದಿ

ಕಾಡುಬೆಟ್ಟಗಳಲ್ಲಿ ನಡೆದು ತಿರುಗುವ ಹವ್ಯಾಸವನ್ನು ಕನ್ನಡವು ಇಂದು ‘ಚಾರಣ’ವೆಂದು ಕರೆಯುತ್ತದೆ. ಪದ ಹಳೆಯದು, ಅರ್ಥ ಹೊಸದು. ಪಂಪನ ‘ಆದಿಪುರಾಣ’ವನ್ನು ಓದಿದ ವಿದ್ಯಾರ್ಥಿಗಳಿಗೆ ಚಾರಣರೆಂದರೆ ತಪಸ್ಸಿನ ಋದ್ಧಿಯಿಂದ ಆಕಾಶಮಾರ್ಗದಲ್ಲಿ ಸಂಚರಿಸುವ ಜೈನ ಮುನಿಗಳು, ವಜ್ರಜಂಘ-ಶ್ರೀಮತಿಯರು ಆಹಾರದಾನ ಮಾಡಿದ್ದು ಅಂಥವರಿಗೇ. ಹೂವಿನ ಮೇಲೆ, ನೀರಿನ ಮೇಲೆ ನಡೆದರೂ ಅಲ್ಲಿನ ಜೀವಿಗಳಿಗೆ ನೋವಾಗದಂತೆ ಸಾಗಬಲ್ಲವರು ಅವರು. ಆ ಹೆಸರು ಬೆನ್ನಿಗೆ ಚೀಲ ಬಿಗಿದು ಹೊರಟ ಇಂದಿನ ಯುವಕರಿಗೆ ಬಂದಿರುವುದು ಭಾಷೆಯ ವಿನೋದಗಳಲ್ಲೊಂದು. ಮರಾಠಿ ಇದನ್ನೇ ‘ಗಿರಿಭ್ರಮಣ’ ಎನ್ನುತ್ತದೆ. ಮರಾಠಿಯ ‘ಘಾಟ’ ಮುಖ್ಯವಾಗಿ ಬೆಟ್ಟ ದಾಟುವ ದಾರಿ. ಕನ್ನಡದ ‘ಘಟ್ಟ’ ಬೆಟ್ಟದ ಸಾಲೂ ಹೌದು.

ನಡಿಗೆ ಮತ್ತು ಕಾಡಿನ ಸಂಬಂಧವನ್ನು ಅಭ್ಯಸಿಸಲು ಶಿವರಾಮ ಕಾರಂತರ ‘ಬೆಟ್ಟದ ಜೀವ’ಕ್ಕಿಂತ (1943) ಉತ್ತಮ ಪಠ್ಯ ವಿರಳ. ಸುಬ್ರಹ್ಮಣ್ಯದ ಕಡೆ ನಡೆಯುತ್ತ ದಾರಿ ತಪ್ಪಿದ ನಿರೂಪಕನು ಗೋಪಾಲಯ್ಯನವರ ಮನೆ ಸೇರುವುದರೊಂದಿಗೆ ಕಥೆ ತೆರೆದುಕೊಳ್ಳುತ್ತದೆ. ಕುಮಾರಪರ್ವತದ ಆಸುಪಾಸಿನ ಆ ಕಾಡನ್ನು ಓದುಗನು ಕಾಲ್ನಡಿಗೆಯಲ್ಲೇ ಪರಿಚಯಿಸಿಕೊಳ್ಳುತ್ತಾನೆ. ಆದರೆ ಪರೀಕ್ಷೆಯಲ್ಲಿ ಇದನ್ನು ‘ಪರಿಸರ ಸಂರಕ್ಷಣೆಯ ಕಾದಂಬರಿ’ ಎಂದು ಬರೆದುಬಿಡುವುದು ಅವಸರದ ಮಾತು. ಗೋಪಾಲಯ್ಯನವರು ಕಾಡು ಕಡಿದು ತೋಟ ಎಬ್ಬಿಸಿದವರು. ಅಲ್ಲಿ ಆನೆ ಬೆಳೆಗೆ ಶತ್ರು, ಹುಲಿ ಬೇಟೆಯ ವಸ್ತು. ಕಾಡಿನ ಮೇಲಿನ ಪ್ರೀತಿಯೂ ಅದರೊಡನೆ ನಡೆಸುವ ಹೋರಾಟವೂ ಒಂದೇ ಎದೆಯಲ್ಲಿರುವುದೇ ಆ ಕೃತಿಯ ಸತ್ಯ. ಮುಂದೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿದ ಕಾರಂತರನ್ನು ಈ ಕೃತಿಯೊಳಗೆ ಹುಡುಕುವುದು ಕಾಲವನ್ನು ಹಿಂದುಮುಂದು ಮಾಡಿದಂತೆ.

ಅದೇ ಕುಮಾರಪರ್ವತ ಇಂದು ಪುಷ್ಪಗಿರಿ ವನ್ಯಜೀವಿಧಾಮದೊಳಗಿದೆ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ಅಲ್ಲಿಗೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದರು. ಅದರ ಬೆನ್ನಿಗೇ ಆನ್‌ಲೈನ್ ನೋಂದಣಿ ಇಲ್ಲದ ಚಾರಣಪಥಗಳನ್ನು ರಾಜ್ಯ ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಬಳಿಕ ಒಂದು ಪಥಕ್ಕೆ ದಿನಕ್ಕೆ 300 ಜನರೆಂಬ ಮಿತಿ ಬಂದಿತು. ಕಾಡನ್ನು ನೋಡದವನಿಗೆ ಅದನ್ನು ಉಳಿಸಬೇಕೆನ್ನಿಸುವುದಿಲ್ಲ. ಎಲ್ಲರೂ ಒಂದೇ ದಿನ ನೋಡಹೊರಟರೆ ಹುಲ್ಲು ಸವೆದು, ಮಣ್ಣು ಗಟ್ಟಿಯಾಗಿ, ಮಳೆಗೆ ಕೊರಕಲು ಬೀಳುತ್ತದೆ.

ನಡಿಗೆಯೇ ರಕ್ಷಣೆಯ ಸಾಧನವಾದ ನಿದರ್ಶನವೂ ನಮ್ಮ ನೆರೆಯಲ್ಲಿದೆ. 1987ರ ನವೆಂಬರ್ 1ರಂದು ಒಂದು ತಂಡ ಮಹಾರಾಷ್ಟ್ರದ ನವಾಪುರದಿಂದ, ಇನ್ನೊಂದು ಕನ್ಯಾಕುಮಾರಿಯಿಂದ ಹೊರಟು, ಸುಮಾರು ನೂರು ದಿನ ಹಳ್ಳಿಹಳ್ಳಿ ನಡೆದು ಗೋವೆಯಲ್ಲಿ ಕೂಡಿಕೊಂಡವು. ಇದೇ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆ. ನದಿಮೂಲ, ಗಣಿ, ನೆಡುತೋಪುಗಳ ಸಂಗತಿಗಳನ್ನು ಒಂದೇ ಬೆಟ್ಟಸಾಲಿನ ಪ್ರಶ್ನೆಯಾಗಿ ಕಾಣುವ ದೃಷ್ಟಿ ಇದರಿಂದ ಬಲಗೊಂಡಿತು. 2010ರಲ್ಲಿ ಮಾಧವ ಗಾಡ್ಗೀಳರ ಅಧ್ಯಕ್ಷತೆಯಲ್ಲಿ ನೇಮಕವಾದ ತಜ್ಞ ಸಮಿತಿ 2011ರಲ್ಲಿ ವರದಿ ನೀಡಿದಾಗ, ಘಟ್ಟದ ಅನೇಕ ಕೃಷಿಕರು ತೋಟ ಕೈತಪ್ಪೀತೆಂದು ಅಂಜಿ ವಿರೋಧಿಸಿದರು. ಅವರನ್ನು ಕಾಡಿನ ವೈರಿಗಳೆಂದು ತಳ್ಳಿಹಾಕುವವರು ಗೋಪಾಲಯ್ಯನವರನ್ನು ಇನ್ನೊಮ್ಮೆ ಓದುವುದು ಒಳಿತು.

ಬಯಲುಸೀಮೆಯ ರಾಯದುರ್ಗ, ಗುಮ್ಮಘಟ್ಟಗಳಿಗೆ ಘಟ್ಟದ ಚಿಂತೆ ಏಕೆ? ಉತ್ತರ ವೇದಾವತಿಯಲ್ಲಿದೆ. ಬಾಬಾಬುಡನ್ ಬೆಟ್ಟಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಕಡೂರು ಸೀಮೆಯಲ್ಲಿ ಕೂಡಿ, ಹಿರಿಯೂರಿನ ವಾಣಿವಿಲಾಸ ಸಾಗರವನ್ನು ತುಂಬಿ, ಹಗರಿ ಎಂಬ ಹೆಸರಿನಲ್ಲಿ ಆಂಧ್ರವನ್ನು ಮುಟ್ಟುತ್ತವೆ. ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪ ಜಲಾಶಯ ಈ ನದಿಗೇ ಕಟ್ಟಿದ್ದು. ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ (1930 ಮೀಟರ್) ಇರುವುದೂ ಅದೇ ಬೆಟ್ಟಸೀಮೆಯಲ್ಲಿ. ಚಾರಣಿಗರ ದಟ್ಟಣೆಯೂ ಅಲ್ಲಿಯೇ. ಅಲ್ಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳು ಮಳೆಯನ್ನು ಹೀರಿಕೊಂಡು ನಿಧಾನವಾಗಿ ಹಳ್ಳಗಳಿಗೆ ಬಿಡುತ್ತವೆ. ಗುಮ್ಮಘಟ್ಟದ ಹಗರಿ ವರ್ಷಗಟ್ಟಲೆ ಬರಿಯ ಮರಳಾಗಿರುವುದನ್ನು ಇಲ್ಲಿಯ ವಿದ್ಯಾರ್ಥಿಗಳು ಬಲ್ಲರು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ, ಹೆಚ್ಚಿನ ನೀರು ಇಳಿದುಬಂದದ್ದು ಇದೇ ಮರಳಿನ ಪಾತ್ರದಲ್ಲಿ.