ಪಿಕಪ್ ವಾಹನಕ್ಕೆ ಮುಂದಿನ ಖರ್ಚು ಯಾವುದು? – ಆದ್ಯತೆ ನಿರ್ಣಯದ ಲೆಕ್ಕಾಚಾರ

1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾದ ನವ ಮಂಗಳೂರು ಬಂದರು, ಅದರ ಬೆನ್ನಿಗೇ ತಲೆಯೆತ್ತಿದ ರಸಗೊಬ್ಬರ ಕಾರ್ಖಾನೆ, ನೆರೆಯ ಬೈಕಂಪಾಡಿಯ ಕೈಗಾರಿಕಾ ಪ್ರದೇಶ – ಇವುಗಳಿಂದಾಗಿ ಪಣಂಬೂರು ಎಂದರೆ ಸರಕು ಸಾಗಣೆ ಎಂಬಂತಾಗಿದೆ. ದೊಡ್ಡ ಉದ್ದಿಮೆಗಳ ಸರಕು ಲಾರಿ, ರೈಲು, ಹಡಗುಗಳಲ್ಲಿ ಸಾಗುತ್ತದೆ. ಆದರೆ ಸಣ್ಣ ಉತ್ಪಾದಕರ ಪೈಪು, ಪಂಪ್‌ಸೆಟ್ಟಿನ ಬಿಡಿಭಾಗ, ಗೊಬ್ಬರದ ಚೀಲ, ಅಡಿಕೆ ಸುಲಿಯುವ ಯಂತ್ರ ಮುಂತಾದವು ಸುಳ್ಯ, ಕಡಬ, ಬೆಳ್ತಂಗಡಿ, ಸಕಲೇಶಪುರ, ಮೂಡಿಗೆರೆಗಳ ತೋಟದ ಅಂಗಳವನ್ನೇ ತಲುಪಬೇಕು. ಹೆದ್ದಾರಿ ಬಿಟ್ಟ ಮೇಲಿನ ಕೊನೆಯ ನಾಲ್ಕೈದು ಕಿಲೋಮೀಟರು ಮಣ್ಣಿನ ಏರು, ಕೆಸರು, ತೋಡು. ಅಲ್ಲಿಗೆ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿ ದೊರೆಯುವ ಫೋರ್ ವೀಲ್ ಡ್ರೈವ್ ಪಿಕಪ್ ವಾಹನವೇ ಗತಿ.

ಇಂತಹ ವಾಹನ ಇಟ್ಟುಕೊಂಡವರಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಒಂದು ಪ್ರಶ್ನೆ ಎದುರಾಗುತ್ತದೆ. ಕೈಯಲ್ಲಿರುವ ಹಣ ಸೀಮಿತ, ಬೇಡಿಕೆಗಳು ಹಲವು. ಚಾಲಕ ಹೊಸ ಟಯರ್ ಕೇಳುತ್ತಾನೆ. ಗ್ಯಾರೇಜಿನವರು ಸ್ಪ್ರಿಂಗ್ ಬದಲಿಸಿ ಎನ್ನುತ್ತಾರೆ. ಬಿಡಿಭಾಗದ ಅಂಗಡಿಯಲ್ಲಿ ವಿಂಚ್ ಮತ್ತು ದೀಪಗಳ ಸಾಲು ಕಣ್ಸೆಳೆಯುತ್ತವೆ. ಯಂತ್ರ ಖರೀದಿಸುವಾಗ ಹತ್ತು ಬಾರಿ ಲೆಕ್ಕ ಹಾಕುವ ಉದ್ಯಮಿಯೂ ಈ ವಿಷಯದಲ್ಲಿ ಅಂದಾಜಿಗೆ ಶರಣಾಗುವುದುಂಟು. ತಪ್ಪು ಆಯ್ಕೆಯ ಬೆಲೆ ಕೇವಲ ಆ ವಸ್ತುವಿನ ಬೆಲೆಯಲ್ಲ. ಜುಲೈ ತಿಂಗಳಲ್ಲಿ ಮಾಲು ಸಮಯಕ್ಕೆ ತಲುಪದಿದ್ದರೆ ಗಿರಾಕಿ ಬೇರೆಯವರನ್ನು ಹುಡುಕಿಕೊಳ್ಳುತ್ತಾನೆ.

ಮೊದಲ ಹೆಜ್ಜೆ: ನಿಂತ ದಿನಗಳ ದಾಖಲೆ

ಯಾವ ಸಲಕರಣೆ ಉತ್ತಮ ಎಂಬುದು ಮೊದಲ ಪ್ರಶ್ನೆಯಲ್ಲ. ಕಳೆದ ಹನ್ನೆರಡು ತಿಂಗಳಲ್ಲಿ ವಾಹನ ಎಷ್ಟು ದಿನ ನಿಂತಿತು, ಏಕೆ ನಿಂತಿತು ಎಂಬುದೇ ಮೊದಲ ಪ್ರಶ್ನೆ. ಲಾಗ್ ಪುಸ್ತಕ ಇಲ್ಲದಿದ್ದರೂ ಗ್ಯಾರೇಜಿನ ಬಿಲ್ಲು, ಬದಲಿ ವಾಹನಕ್ಕೆ ಕೊಟ್ಟ ಬಾಡಿಗೆಯ ರಶೀದಿ, ತಡವಾದ ಡೆಲಿವರಿ ಚಲನ್ನುಗಳಿಂದ ಈ ಪಟ್ಟಿಯನ್ನು ತಯಾರಿಸಬಹುದು.

ವಿಷಯದ ಸ್ಪಷ್ಟತೆಗಾಗಿ ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೈಕಂಪಾಡಿಯ ಸಣ್ಣ ಘಟಕವೊಂದರ ಪಿಕಪ್ ವಾಹನ ವರ್ಷಕ್ಕೆ 200 ಟ್ರಿಪ್‌ಗಳಲ್ಲಿ 24,000 ಕಿ.ಮೀ. ಓಡುತ್ತದೆ, ಪ್ರತಿ ಟ್ರಿಪ್‌ಗೆ 1,000 ಕಿ.ಗ್ರಾಂ. ಸರಕು ಒಯ್ಯುತ್ತದೆ. ಅದು ವರ್ಷದಲ್ಲಿ 20 ದಿನ ನಿಂತಿದೆ. ಕಾರಣಗಳು ಹೀಗಿವೆ:

1. ಟಯರ್ ಜಾರಿದ್ದು, ಪಂಕ್ಚರ್ – 6 ದಿನ
2. ಲೀಫ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ದೋಷ – 5 ದಿನ
3. ತುಕ್ಕು, ವೈರಿಂಗ್ ದೋಷ – 3 ದಿನ
4. ಆಳವಾದ ಕೆಸರಿನಲ್ಲಿ ಹೂತು ಹೋದದ್ದು – 2 ದಿನ
5. ಘಾಟಿ ರಸ್ತೆ ಬಂದ್ ಆದದ್ದು – 4 ದಿನ

ಐದನೆಯ ಕಾರಣವನ್ನು ಪ್ರತ್ಯೇಕವಾಗಿ ಗಮನಿಸಬೇಕು. 2018ರ ಆಗಸ್ಟ್ ತಿಂಗಳ ಭೂಕುಸಿತದಲ್ಲಿ ಶಿರಾಡಿ ಘಾಟಿಯೂ ಸಂಪಾಜೆ–ಮಡಿಕೇರಿ ರಸ್ತೆಯೂ ಮುಚ್ಚಿದ್ದನ್ನು ಕರಾವಳಿಯ ವ್ಯಾಪಾರಿಗಳು ಮರೆತಿಲ್ಲ. ಅಂತಹ ದಿನಗಳಿಗೆ ಯಾವ ಸಲಕರಣೆಯೂ ಪರಿಹಾರವಲ್ಲ. ಘಾಟಿಯ ಮೇಲೆ ಮುಂಚಿತ ದಾಸ್ತಾನು ಇಡುವುದೇ ಪರಿಹಾರ. ಆದುದರಿಂದ ಖರೀದಿಯ ಲೆಕ್ಕಕ್ಕೆ ಬರುವುದು ಉಳಿದ 16 ದಿನ ಮಾತ್ರ.

ಎರಡನೆಯ ಹೆಜ್ಜೆ: ಒಂದು ದಿನದ ನಿಜವಾದ ನಷ್ಟ

ವಾಹನ ನಿಂತ ದಿನ ಬದಲಿ ವಾಹನಕ್ಕೆ ರೂ. 4,000 ಬಾಡಿಗೆ ಕೊಡಬೇಕಾಗುತ್ತದೆ ಎಂದಿಟ್ಟುಕೊಳ್ಳೋಣ. ಆದರೆ ಅಂದು ಸ್ವಂತ ವಾಹನದ ಡೀಸೆಲ್, ಬತ್ತೆ, ಟೋಲ್, ಸವೆತ ಸೇರಿ ರೂ. 1,500 ಉಳಿಯುತ್ತದೆ. ನಿವ್ವಳ ನಷ್ಟ ರೂ. 2,500. ಚಾಲಕನ ತಿಂಗಳ ಸಂಬಳ, ವಿಮೆ, ಸಾಲದ ಕಂತು ಇವು ವಾಹನ ಓಡಿದರೂ ನಿಂತರೂ ತಪ್ಪದ ವೆಚ್ಚಗಳು. ಇವನ್ನು ಉಳಿತಾಯವೆಂದು ಕಳೆಯಬಾರದು, ನಷ್ಟವೆಂದು ಕೂಡಿಸಲೂ ಬಾರದು.

ಮೂರನೆಯ ಹೆಜ್ಜೆ: ಪ್ರತಿ ಪ್ರಸ್ತಾವಕ್ಕೂ ಮರುಗಳಿಕೆಯ ಅವಧಿ

ಹೂಡಿದ ಹಣ ಎಷ್ಟು ತಿಂಗಳಲ್ಲಿ ಉಳಿತಾಯದ ರೂಪದಲ್ಲಿ ಹಿಂದಿರುಗುತ್ತದೆ ಎಂಬುದನ್ನು ಈಗ ನೋಡಬಹುದು. ಕೆಳಗಿನ ಬೆಲೆಗಳೆಲ್ಲ ಉದಾಹರಣೆಗಾಗಿ ಹಿಡಿದವು, ಜಿಎಸ್‌ಟಿ ಸೇರಿಲ್ಲ.

ಟಯರ್: ಹಳೆಯ ಟಯರುಗಳು ಸವೆದಿವೆ, ಹೇಗೂ ಬದಲಿಸಲೇಬೇಕು. ಸಾಮಾನ್ಯ ಟಯರುಗಳ ಸೆಟ್ ರೂ. 36,000, ರಸ್ತೆ ಮತ್ತು ಮಣ್ಣು ಎರಡಕ್ಕೂ ಹೊಂದುವ ಆಲ್ ಟೆರೇನ್ ಟಯರುಗಳ ಸೆಟ್ ರೂ. 44,000. ರೂ. 36,000 ಎರಡೂ ಆಯ್ಕೆಗಳಲ್ಲಿ ಸಮಾನವಾದುದರಿಂದ ನಿರ್ಧಾರಕ್ಕೆ ಸಂಬಂಧಿಸಿದ್ದು ವ್ಯತ್ಯಾಸದ ರೂ. 8,000 ಮಾತ್ರ. ಆರು ದಿನ ಉಳಿದರೆ ರೂ. 15,000. ಆದರೆ ಒರಟು ಟಯರಿಗೆ ಡೀಸೆಲ್ ಹೆಚ್ಚು ಬೇಕು. ಲೀಟರಿಗೆ 12 ಕಿ.ಮೀ.ನಂತೆ ವರ್ಷಕ್ಕೆ 2,000 ಲೀಟರ್, ಶೇ. 3ರಷ್ಟು ಹೆಚ್ಚಾದರೆ 60 ಲೀಟರ್, ಲೀಟರಿಗೆ ರೂ. 90ರಂತೆ ರೂ. 5,400. ನಿವ್ವಳ ಉಳಿತಾಯ ರೂ. 9,600. ಮರುಗಳಿಕೆ ಅವಧಿ 10 ತಿಂಗಳು.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್: ವೆಚ್ಚ ರೂ. 28,000. ಐದು ದಿನದ ರೂ. 12,500, ದಾರಿಯಲ್ಲಿ ಹಾಳಾಗುತ್ತಿದ್ದ ಸರಕಿನ ರೂ. 6,000 ಸೇರಿ ಉಳಿತಾಯ ರೂ. 18,500. ಅವಧಿ ಸುಮಾರು 18 ತಿಂಗಳು.

ತುಕ್ಕು ನಿರೋಧಕ ಲೇಪನ ಮತ್ತು ವೈರಿಂಗ್: ಪಣಂಬೂರಿನ ಉಪ್ಪು ಗಾಳಿಗೂ ಮಳೆಗೂ ಷಾಸಿಯ ಅಡಿಭಾಗ ಬೇಗ ತುಕ್ಕು ಹಿಡಿಯುತ್ತದೆ. ವೆಚ್ಚ ರೂ. 12,000, ಉಳಿತಾಯ ರೂ. 7,500. ಅವಧಿ ಸುಮಾರು 19 ತಿಂಗಳು.

ಎಳೆಯುವ ಪಟ್ಟಿ, ಕೊಂಡಿ, ಗುದ್ದಲಿಗಳ ಸೆಟ್: ವೆಚ್ಚ ರೂ. 6,000. ಹೂತುಹೋದ ಎರಡು ದಿನಗಳಲ್ಲಿ ಒಂದನ್ನು ಉಳಿಸಿದರೂ ರೂ. 2,500. ಅವಧಿ 29 ತಿಂಗಳು.

ವಿಂಚ್ ಮತ್ತು ಅದನ್ನು ಹೊರುವ ಉಕ್ಕಿನ ಬಂಪರ್: ವೆಚ್ಚ ರೂ. 80,000, ಉಳಿತಾಯ ಎರಡು ದಿನದ ರೂ. 5,000. ಅವಧಿ 16 ವರ್ಷ! ಅಷ್ಟು ಕಾಲ ವಾಹನವೇ ಉಳಿಯುವುದು ಸಂದೇಹ.

ಹೆಚ್ಚುವರಿ ದೀಪಗಳು: ವೆಚ್ಚ ರೂ. 20,000. ರಾತ್ರಿ ಟ್ರಿಪ್ ಇಲ್ಲದ ಈ ಘಟಕಕ್ಕೆ ಉಳಿತಾಯ ಶೂನ್ಯ.

ವಿಂಚ್ ಎಲ್ಲರಿಗೂ ವ್ಯರ್ಥವೆಂದು ಇದರ ಅರ್ಥವಲ್ಲ. ತೋಟದೊಳಗೇ ದಿನವಿಡೀ ಮರದ ದಿಮ್ಮಿ ಎಳೆಯುವವರ ಪಟ್ಟಿಯಲ್ಲಿ ಅದೇ ಮೊದಲ ಸ್ಥಾನಕ್ಕೆ ಬರಬಹುದು. ನಿಂತ ದಿನಗಳ ಕಾರಣ ಬದಲಾದಂತೆ ಉತ್ತರವೂ ಬದಲಾಗುತ್ತದೆ.

ಕಾಣದ ವೆಚ್ಚ: ತೂಕ

ವಾಹನಕ್ಕೆ ಸೇರಿಸಿದ ಪ್ರತಿಯೊಂದು ಕಿಲೋ ಕಬ್ಬಿಣವೂ ಸರಕಿನ ಒಂದು ಕಿಲೋವನ್ನು ಕೆಳಗಿಳಿಸುತ್ತದೆ, ಏಕೆಂದರೆ ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕ ಬದಲಾಗುವುದಿಲ್ಲ. ವಿಂಚ್ ಮತ್ತು ಬಂಪರ್ ಸೇರಿ 120 ಕಿ.ಗ್ರಾಂ. ಎಂದಾದರೆ 200 ಟ್ರಿಪ್‌ಗಳಲ್ಲಿ 24 ಟನ್ ಸರಕು ಹಿಂದುಳಿಯುತ್ತದೆ. ಅದನ್ನು ಸಾಗಿಸಲು ಕನಿಷ್ಠ 24 ಟ್ರಿಪ್ ಹೆಚ್ಚು ಬೇಕು, ಟ್ರಿಪ್‌ಗೆ ರೂ. 1,500ರಂತೆ ವರ್ಷಕ್ಕೆ ರೂ. 36,000. ರೂ. 5,000 ಉಳಿಸಲು ರೂ. 36,000 ಕಳೆದುಕೊಂಡಂತಾಯಿತು.

ಗಟ್ಟಿ ಸ್ಪ್ರಿಂಗ್ ಹಾಕಿಸಿದರೆ ಹೆಚ್ಚು ಹೇರಬಹುದು ಎಂಬ ನಂಬಿಕೆಯೂ ತಪ್ಪು. ಸ್ಪ್ರಿಂಗ್ ತಡೆದುಕೊಂಡರೂ ಕಾನೂನು ತಡೆದುಕೊಳ್ಳುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯ 194ನೇ ಕಲಮು ಅಧಿಕ ಭಾರಕ್ಕೆ ರೂ. 20,000, ಮೇಲಿನ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸುತ್ತದೆ. ಹೆಚ್ಚುವರಿ ಸರಕನ್ನು ಇಳಿಸುವ ಖರ್ಚೂ ಮಾಲೀಕನದೇ.

ಕಾನೂನಿನ ಚೌಕಟ್ಟು

ಅದೇ ಕಾಯಿದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವ ಮಾರ್ಪಾಡನ್ನು ವಾಹನಕ್ಕೆ ಮಾಡುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಲುವನ್ನು ಎತ್ತಿಹಿಡಿದಿದೆ. ವಾಹನದ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಟಯರ್ ಬದಲಿಸುವಾಗಲೂ ತಯಾರಕರು ಸೂಚಿಸಿದ ಅಳತೆ ಮತ್ತು ಭಾರ ಹೊರುವ ಸಾಮರ್ಥ್ಯವನ್ನು ಮೀರದಿರುವುದು ಕ್ಷೇಮ. ಹೊಸದಾಗಿ ಜೋಡಿಸಿದ ಸಲಕರಣೆಯನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಿ ಪಾಲಿಸಿಯಲ್ಲಿ ನಮೂದಿಸಿಕೊಳ್ಳದಿದ್ದರೆ, ಅಪಘಾತದ ನಂತರ ಪರಿಹಾರದ ವೇಳೆ ತಕರಾರು ಏಳಬಹುದು.

ಬ್ರೇಕು, ಸ್ಟಿಯರಿಂಗ್, ತುಂಡಾದ ಸ್ಪ್ರಿಂಗ್ ಪಟ್ಟಿ, 1.6 ಮಿ.ಮೀ.ಗಿಂತ ಕಡಿಮೆ ಅಚ್ಚು ಉಳಿದಿರುವ ಟಯರ್ ಇವುಗಳಿಗೆ ಮರುಗಳಿಕೆಯ ಲೆಕ್ಕವೇ ಅನ್ವಯಿಸದು. ಅವು ಆಯ್ಕೆಯ ವಿಷಯಗಳಲ್ಲ. ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದವು.

ತೆರಿಗೆಯ ಲೆಕ್ಕ

ಮೊದಲನೆಯದಾಗಿ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟಯರು ಮತ್ತು ವಾಹನದ ಬಿಡಿಭಾಗಗಳ ಮೇಲಿನ ದರ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸರಕು ಸಾಗಣೆಯ ವಾಹನಕ್ಕೆ ಸಂಬಂಧಿಸಿದ ಬಿಡಿಭಾಗ ಹಾಗೂ ದುರಸ್ತಿಯ ಮೇಲೆ, ತೆರಿಗೆಗೆ ಒಳಪಟ್ಟ ವ್ಯವಹಾರ ನಡೆಸುವ ನೋಂದಾಯಿತ ವ್ಯಾಪಾರಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. 17(5)ನೇ ಕಲಮಿನ ನಿರ್ಬಂಧವಿರುವುದು ಚಾಲಕನೂ ಸೇರಿ 13 ಆಸನಗಳವರೆಗಿನ, ಜನರ ಸಾಗಣೆಯ ವಾಹನಗಳಿಗೆ. ಎರಡು ಸಾಲು ಆಸನಗಳುಳ್ಳ ಪಿಕಪ್ ಹೊಂದಿದವರು ನೋಂದಣಿ ಪತ್ರದಲ್ಲಿ ವಾಹನ ಯಾವ ವರ್ಗದಲ್ಲಿದೆ ಎಂಬುದನ್ನು ಮೊದಲೇ ಪರಿಶೀಲಿಸಬೇಕು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಈ ಕ್ರೆಡಿಟ್ ಇಲ್ಲ, ಅವರು ಶೇ. 18ನ್ನು ಬೆಲೆಗೆ ಕೂಡಿಸಿಯೇ ಲೆಕ್ಕ ಹಾಕಬೇಕು. ಆಗ ಟಯರಿನ ವ್ಯತ್ಯಾಸ ರೂ. 9,440 ಆಗಿ, ಮರುಗಳಿಕೆ ಅವಧಿ 10ರಿಂದ ಸುಮಾರು 12 ತಿಂಗಳಿಗೆ ಏರುತ್ತದೆ. ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ.

ಎರಡನೆಯದು ಆದಾಯ ತೆರಿಗೆ. ಸವೆದ ಟಯರ್, ಸ್ಪ್ರಿಂಗ್‌ಗಳ ಬದಲಾವಣೆ ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ಚಾಲ್ತಿ ದುರಸ್ತಿ. ಆ ವರ್ಷದ ಲಾಭ–ನಷ್ಟ ಖಾತೆಗೇ ಪೂರ್ಣವಾಗಿ ಖರ್ಚು ಹಾಕಬಹುದು. ಮೊದಲು ಇಲ್ಲದಿದ್ದ ವಿಂಚ್‌ನಂತಹ ಸೇರ್ಪಡೆ ಬಂಡವಾಳ ವೆಚ್ಚ. ಚಾಲ್ತಿ ದುರಸ್ತಿ ಎಂದರೆ ಇರುವ ಆಸ್ತಿಯ ರಕ್ಷಣೆಯೇ ಹೊರತು ಹೊಸ ಆಸ್ತಿಯ ಸೃಷ್ಟಿಯಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ವಿವರಿಸಿದೆ. 1961ರ ಕಾಯಿದೆಯಡಿ ರೂಢವಾದ ಸವಕಳಿ ದರ ಸ್ವಂತ ವ್ಯವಹಾರದ ವಾಹನಕ್ಕೆ ಶೇ. 15, ಖರೀದಿಸಿದ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರ ಅರ್ಧ.

“ಹೇಗೂ ತೆರಿಗೆ ಉಳಿಯುತ್ತದೆ” ಎಂಬ ಮಾತನ್ನು ಇಲ್ಲಿ ಒರೆಗೆ ಹಚ್ಚಬಹುದು. ರೂ. 80,000ದ ವಿಂಚ್ ಮೇಲೆ ಮೊದಲ ವರ್ಷದ ಸವಕಳಿ ರೂ. 12,000, ಶೇ. 30ರ ದರದಲ್ಲಿ ಉಳಿಯುವ ತೆರಿಗೆ ರೂ. 3,600. ಕೈಬಿಟ್ಟು ಹೋದದ್ದು ರೂ. 80,000. ಇನ್ನು ಒಬ್ಬನೇ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕಿಂತ ಹೆಚ್ಚು ನಗದಾಗಿ ಪಾವತಿಸಿದರೆ ದುರಸ್ತಿ ವೆಚ್ಚವೂ ಅಮಾನ್ಯ, ಸಲಕರಣೆಯ ಬೆಲೆಯೂ ಸವಕಳಿಗೆ ಪರಿಗಣಿತವಾಗದು. ಆದುದರಿಂದ ಬಿಲ್ಲು ಸಂಸ್ಥೆಯ ಹೆಸರಿನಲ್ಲಿ, ಜಿಎಸ್‌ಟಿ ಸಂಖ್ಯೆಯೊಂದಿಗೆ ಇರಲಿ. ಪಾವತಿ ಬ್ಯಾಂಕಿನ ಮೂಲಕ ಆಗಲಿ.

ನಿರ್ಧಾರ

ಉದಾಹರಣೆಯ ಘಟಕದ ಬಳಿ ಮೇ ತಿಂಗಳಲ್ಲಿ ರೂ. 60,000 ಇದೆ ಎಂದುಕೊಳ್ಳೋಣ. ಟಯರಿಗೆ ರೂ. 44,000 ಹೋದ ಮೇಲೆ ರೂ. 16,000 ಉಳಿಯುತ್ತದೆ. ಎರಡನೆಯ ಸ್ಥಾನದ ಸ್ಪ್ರಿಂಗ್ ಈ ಹಣಕ್ಕೆ ನಿಲುಕದು. ಹೆಚ್ಚುಕಡಿಮೆ ಅಷ್ಟೇ ಬೇಗ ಹಣ ಹಿಂದಿರುಗಿಸುವ, ಮಳೆಗೆ ಮುನ್ನವೇ ಆಗಬೇಕಾದ ತುಕ್ಕು–ವೈರಿಂಗ್ ಕೆಲಸ ರೂ. 12,000ಕ್ಕೆ ಮುಗಿಯುತ್ತದೆ. ಮಿಕ್ಕ ರೂ. 4,000 ಕೈಯಲ್ಲಿರಲಿ. ಸ್ಪ್ರಿಂಗ್ ಮುಂದಿನ ತ್ರೈಮಾಸಿಕಕ್ಕೆ. ಅದನ್ನು ಒಮ್ಮೆ ತಪಾಸಣೆ ಮಾಡಿಸಿ, ಪಟ್ಟಿ ತುಂಡಾಗಿದ್ದರೆ ಮಾತ್ರ ಈ ಕ್ರಮ ಬದಲಾಗಿ ಸ್ಪ್ರಿಂಗ್ ಮೊದಲಾಗುತ್ತದೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳದಿರುವುದಕ್ಕೆ ಹಣದ ಅಭಾವವಷ್ಟೇ ಕಾರಣವಲ್ಲ. ಒಂದು ಖರೀದಿಯ ಉಳಿತಾಯ ಇನ್ನೊಂದರ ಉಳಿತಾಯವನ್ನು ತಿನ್ನುತ್ತದೆ. ಒಳ್ಳೆಯ ಟಯರ್ ಹಾಕಿದ ಮೇಲೆ ವಾಹನ ಕೆಸರಿನಲ್ಲಿ ಹೂಳುವುದೇ ಕಡಿಮೆಯಾಗಿ, ಎಳೆಯುವ ಪಟ್ಟಿಯ ಅಗತ್ಯವೂ ತಗ್ಗಬಹುದು. ಆದಕಾರಣ ಪ್ರತಿ ಖರೀದಿಯ ನಂತರ ಮೂರು ತಿಂಗಳ ದಾಖಲೆ ನೋಡಿ ಪಟ್ಟಿಯನ್ನು ಹೊಸದಾಗಿ ಬರೆಯಬೇಕು.

ಇದಕ್ಕೆ ಬೇಕಾದುದು ವಾಹನದಲ್ಲಿ ಒಂದು ನೋಟ್‌ಬುಕ್ ಮಾತ್ರ. ದಿನಾಂಕ, ಕಿಲೋಮೀಟರು, ಡೀಸೆಲ್, ನಿಂತಿದ್ದರೆ ಕಾರಣ – ಈ ನಾಲ್ಕು ಕಲಮುಗಳನ್ನು ಚಾಲಕ ತುಂಬಿ, ಮಾಲೀಕ ವಾರಕ್ಕೊಮ್ಮೆ ಸಹಿ ಹಾಕಿದರೆ ಮುಂದಿನ ಮಳೆಗಾಲಕ್ಕೆ ಯಾವ ಖರ್ಚು ಮೊದಲು ಎಂಬುದನ್ನು ಆ ಪುಟಗಳೇ ತಿಳಿಸುತ್ತವೆ.